ಉಪ್ಪರಿಗೆಯ ಉಪಗ್ರಹ

8 ಫೆಬ್ರವರಿ 1987, ಭಾನುವಾರ

ಇವತ್ತಿನಿಂದ ನನ್ನ ಹೆದರಿಕೆಗಳನ್ನೆಲ್ಲ ಈ ಡೈರಿಯಲ್ಲಿ ಬರೆಯಬೇಕಂತೆ. ರಾಜೀವಿಯ ಅಪ್ಪಣೆ. "ನನಗೆ ಉಸಿರಾಡಲಿಕ್ಕೇ ಪುರುಸೊತ್ತಿಲ್ಲ. ನಿಮ್ಮ ಹೆದರಿಕೆ ಕೇಳಲಿಕ್ಕೆ ಎಲ್ಲಿಂದ ತರುವುದು? ಡಿಪೋದ ಧಣಿಗಳು ಕೊಟ್ಟ ಡೈರಿ ಉಂಟಲ್ಲ, ಅದಕ್ಕೆ ಹೇಳಿ" ಎಂದಳು. ಇಪ್ಪತ್ತೈದು ವರ್ಷ ಸಂಸಾರ ಮಾಡಿದ ಹೆಂಡತಿ ಗಂಡನನ್ನು ಒಂದು ಪುಸ್ತಕಕ್ಕೆ ಒಪ್ಪಿಸಿ ಕೈ ತೊಳೆದುಕೊಂಡಳು. ಪುಸ್ತಕ ಪಾಪ, ತಕರಾರು ಮಾಡಲಿಲ್ಲ.

ಏಳನೇ ಕ್ಲಾಸಿನ ಅರ್ಧಕ್ಕೆ ಶಾಲೆ ಬಿಟ್ಟವನು ನಾನು. ಒತ್ತಕ್ಷರ ತಪ್ಪಿದರೆ ಡೈರಿಯೇ ಸುಧಾರಿಸಿಕೊಳ್ಳಬೇಕು. ಕಟ್ಟಿಗೆ ಡಿಪೋದಲ್ಲಿ ನನಗೆ ರೈಟರ್ ಎಂದು ಹೆಸರು. ಇಷ್ಟು ವರ್ಷಗಳಲ್ಲಿ ರೈಟರ್ ಬರೆದದ್ದು ಎರಡೇ ಶಬ್ದ: "ಒಣ", "ಹಸಿ". ಬಂದ ಲೋಡು ಇದೋ ಅದೋ ಎಂದು ನೋಡಿ ಬರೆಯುವುದೇ ನನ್ನ ಸಾಹಿತ್ಯ.

ಈ ದಿನದ ಹೆದರಿಕೆ: ಉಪ್ಪರಿಗೆಯ ಕೋಣೆಗೆ ಬಾಡಿಗೆಗೆ ಬಂದ ಬಾಲಸುಬ್ರಹ್ಮಣ್ಯ ಮಾಷ್ಟ್ರು. ಇಲ್ಲೇ ಮೂಡಬಿದ್ರೆಯ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುವವರು. ಕುಡಿಯುವುದಿಲ್ಲ, ಸೇದುವುದಿಲ್ಲ, ಇಸ್ಪೀಟು ಗೊತ್ತಿಲ್ಲ ಎಂದು ಖುಷಿಯಾಗಿ ಕೋಣೆ ಕೊಟ್ಟೆ. ಇಷ್ಟೆಲ್ಲ ಚಟ ಇಲ್ಲದ ಮನುಷ್ಯನಿಗೆ ಬೇರೆ ಏನೋ ದೊಡ್ಡದು ಇರಲೇಬೇಕು ಎಂದು ನನಗೆ ಹೊಳೆಯಬೇಕಿತ್ತು. ಇವತ್ತು ಬೆಳಗ್ಗೆ ಹಂಚಿನ ಮೇಲೆ ಹತ್ತಿ ಅಲ್ಯೂಮಿನಿಯಂ ಸಲಾಕೆಗಳನ್ನು ಬೆದರುಗೊಂಬೆಯ ಕೈಗಳ ಹಾಗೆ ಅಡ್ಡಡ್ಡ ಕಟ್ಟಿದರು.

"ಮಾಷ್ಟ್ರೇ, ಇದು ಟಿ.ವಿ.ಯದ್ದಾ?" ಎಂದು ಕೆಳಗಿನಿಂದ ಕೇಳಿದೆ.

"ಅಲ್ಲ ತುಕ್ರಪ್ಪಣ್ಣ, ಉಪಗ್ರಹದ್ದು. ಅಮೆರಿಕದವರದ್ದೊಂದು ದಿನಾ ಬೆಳಗ್ಗೆ ನಮ್ಮ ತಲೆಯ ಮೇಲಿನಿಂದ ಹೋಗ್ತದೆ. ಕೆಳಗಿನ ಫೋಟೋ ತೆಗೆದು ಕಳಿಸ್ತದೆ. ಕಾಡಿಗೆ ಬೆಂಕಿ ಬಿದ್ದ ಹೊಗೆ, ಮರುಭೂಮಿಯ ಧೂಳು, ಅದೆಲ್ಲ ಎಲ್ಲಿಂದ ಹೊರಟು ಎಲ್ಲಿಗೆ ಬರ್ತದೆ ಅಂತ ನೋಡುವ ಅಂತ."

"ಫೋಟೋದಲ್ಲಿ ನಮ್ಮ ಮನೆ ಕಾಣ್ತದಾ?"

"ಇಡೀ ಮೂಡಬಿದ್ರೆ ಸೇರಿದರೂ ಒಂದು ಚುಕ್ಕೆ ಆಗುವುದಿಲ್ಲ ಮಾರಾಯ್ರೆ."

ಹದಿನೆಂಟು ಬಸದಿ, ಬಸ್‌ಸ್ಟ್ಯಾಂಡು, ನಮ್ಮ ಡಿಪೋ ಎಲ್ಲ ಸೇರಿ ಒಂದು ಚುಕ್ಕೆ ಆಗದಂತೆ. ಅಂಥ ಕಣ್ಣಿನವನು ಧೂಳನ್ನು ಕಾಣುತ್ತಾನಂತೆ. ಇರಲಿ. ಆ ಸಲಾಕೆಗೆ ಸಿಡಿಲು ಹೊಡೆದರೆ ಏನು ಗತಿ ಎಂದು ಒಳಗೆ ಹೋಗಿ ಹೇಳಿದೆ. ರಾಜೀವಿ ಒಲೆಯ ಮುಂದೆ ಕೂತು ಊದುಗೊಳವೆ ಊದುತ್ತಿದ್ದಳು. ಕೆಮ್ಮಿ ಕೆಮ್ಮಿ ಕಣ್ಣೆಲ್ಲ ಕೆಂಪು.

"ಹೊಡೆಯಲಿ. ನೀವು ತಂದ ಕಟ್ಟಿಗೆ ಹಾಗಾದರೂ ಹೊತ್ತೀತು" ಎಂದಳು.

ಡಿಪೋದಲ್ಲಿ ಗಿರಾಕಿಗಳು ಬೇಡವೆಂದು ಬಿಟ್ಟ ಹಸಿ ಕಟ್ಟಿಗೆಯನ್ನು ರೈಟರ್ ಮನೆಗೆ ತರುವುದು ಮೊದಲಿನಿಂದ ಬಂದ ಪದ್ಧತಿ. ಪದ್ಧತಿಯನ್ನು ನಾನು ಮಾಡಿದ್ದಾ?

14 ಫೆಬ್ರವರಿ, ಶನಿವಾರ

ಬೆಳಗ್ಗೆ ತಿಂಡಿಯ ಹೊತ್ತಿಗೆ ಉಪ್ಪರಿಗೆಯಲ್ಲಿ ಟಿಕ್ಕಿ ಟಿಕ್ಕಿ ಟಿಕ್ಕಿ ಎಂದು ಶಬ್ದ ಶುರುವಾಯಿತು. ಹಲ್ಲಿ ಎಂದುಕೊಂಡೆ. ಹಲ್ಲಿ ಇಷ್ಟು ಹೊತ್ತು ನುಡಿದರೆ ಮನೆಗೆ ಒಳ್ಳೆಯದಲ್ಲ ಎಂದು ಮೆಟ್ಟಿಲು ಹತ್ತಿದೆ. ಹಲ್ಲಿಯಲ್ಲ, ಅಮೆರಿಕ.

ಮಾಷ್ಟ್ರು ಯಾವುದೋ ಗುಜರಿಯಿಂದ ತಂದ ಯಂತ್ರ. ಲಟ್ಟಣಿಗೆಯಂಥ ಒಂದು ಉರುಳೆಗೆ ಒದ್ದೆ ಕಾಗದ ಸುತ್ತಿದ್ದಾರೆ. ಅದು ತಿರುಗುತ್ತದೆ, ಸೂಜಿಯೊಂದು ಕಾಗದವನ್ನು ಸುಡುತ್ತಾ ಹೋಗುತ್ತದೆ. ಲೋಕದ ಹೊಗೆಯನ್ನು ಹುಡುಕುವ ಯಂತ್ರ ತಾನೂ ಸಣ್ಣಗೆ ಹೊಗೆ ಬಿಡುತ್ತದೆ. ಮಾಷ್ಟ್ರ ಮೇಜು ಇರುವುದು ಸರಿಯಾಗಿ ನಮ್ಮ ಅಡುಗೆಕೋಣೆಯ ಮೇಲೆ. ನೆಲಕ್ಕೆ ಹಲಗೆ. ಹಲಗೆಯ ಸಂದಿನಿಂದ ರಾಜೀವಿಯ ಬೈತಲೆ ಕಾಣುತ್ತಿತ್ತು.

ಹತ್ತು ಮಿನಿಟಿನಲ್ಲಿ ಒಂದು ಚಿತ್ರ ಮೂಡಿತು. ಮಾಷ್ಟ್ರು ಬೆರಳಿಟ್ಟು ತೋರಿಸಿದರು: ಬಲಗಡೆ ನಮ್ಮ ದೇಶ, ನಡುವೆ ಸಮುದ್ರ, ಎಡಗಡೆ ಅರಬ್ಬಿಗಳ ದೇಶ. ಎಡ ಅಂಚಿನಲ್ಲಿ ಕಂದು ಬಣ್ಣದ ಮಸುಕು.

"ನೋಡಿ, ನೋಡಿ! ಧೂಳು! ಮರುಭೂಮಿಯಿಂದ ಎದ್ದಿದೆ!" ಮಾಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು.

"ಎಲ್ಲಿಗೆ ಬರ್ತಾ ಉಂಟು ಅದು?"

"ಗಾಳಿ ಈ ಕಡೆಗಿದ್ದರೆ ಈ ಕಡೆಗೇ."

ನಾನು ಕೆಳಗೆ ಬರುವಾಗ ರಾಜೀವಿ ಗೋಡೆ ಹಿಡಿದು ನಿಂತು ಸುಯ್ಯೆಂದು ಉಸಿರೆಳೆಯುತ್ತಿದ್ದಳು. ನನಗೆ ಎಲ್ಲ ಅರ್ಥವಾಯಿತು. ಇಷ್ಟು ವರ್ಷ ಇವಳ ದಮ್ಮಿಗೆ ಕಾರಣ ಗೊತ್ತಿರಲಿಲ್ಲ. ಈಗ ಫೋಟೋ ಸಮೇತ ಸಿಕ್ಕಿತು.

2 ಮಾರ್ಚ್, ಸೋಮವಾರ

ಮಸುಕು ದಿನ ಬಿಟ್ಟು ದಿನ ಮುಂದೆ ಬರುತ್ತಿದೆ. ಕೆಲವು ದಿನ ಅರಬ್ಬೀ ಅಂಚಿನಲ್ಲೇ ಇರುತ್ತದೆ. ಕೆಲವು ದಿನ ಅರ್ಧ ಸಮುದ್ರ ದಾಟಿರುತ್ತದೆ. ಮೊನ್ನೆ ಭತ್ತ ಬೇಯಿಸಿದ ದಿನ ನಮ್ಮ ಕರಾವಳಿಯನ್ನೇ ಮುಟ್ಟಿತ್ತು. ಇದರ ಮೇಲೆ ಒಂದು ಲೇಖನ ಬರೆದು ದೊಡ್ಡ ಪತ್ರಿಕೆಗೆ ಕಳಿಸುತ್ತೇನೆ ಎಂದು ಮಾಷ್ಟ್ರು ಹಿಗ್ಗಿ ಹೀರೆಕಾಯಿ ಆಗಿದ್ದಾರೆ. ಅವರಿಗೆ ಲೇಖನ, ನಮಗೆ ದಮ್ಮು.

ಬೇಲಿಯಾಚೆಯ ಮೊಯಿದಿನಬ್ಬನಿಗೆ ವಿಷಯ ತಿಳಿಸಿದೆ. ಅಂಬಾಸಿಡರ್ ಟ್ಯಾಕ್ಸಿ ಇಟ್ಟುಕೊಂಡವರು. ಅವರ ತಮ್ಮ ಅಬ್ದುಲ್ಲ ದುಬಾಯಿಯಲ್ಲಿದ್ದಾನೆ. ಮೊಯಿದಿನಬ್ಬ ಗಂಭೀರವಾಗಿ ಪೂರ್ತಿ ಕೇಳಿದರು.

"ಹಾಗಾ ತುಕ್ರಪ್ಪಣ್ಣ? ಹಾಗಾದರೆ ಅಬ್ದುಲ್ಲನಿಗೆ ಒಂದು ಕಾಗದ ಹಾಕುವ. ಅಲ್ಲಿ ಗುಡಿಸುವಾಗ ಸ್ವಲ್ಪ ಮೆಲ್ಲ ಗುಡಿಸು ಮಾರಾಯ, ಇಲ್ಲಿ ರಾಜೀವಿ ಅಕ್ಕನಿಗೆ ಕೆಮ್ಮು ಅಂತ."

ಜನರಿಗೆ ತಮಾಷೆ. ನನ್ನ ಹೆದರಿಕೆಗೆ ಬೇರೆಯೇ ಕಾರಣ. ಬೆಳ್ತಂಗಡಿಗೆ ಕೊಟ್ಟ ಮಗಳು ಪರಮೇಶ್ವರಿಗೆ ಮೇ ತಿಂಗಳಿನಲ್ಲಿ ಚೊಚ್ಚಲ ಹೆರಿಗೆ. ತಾಯಿಮನೆಗೆ ಬರಬೇಕು, ಬಾಣಂತನ ರಾಜೀವಿ ಮಾಡಬೇಕು. ಮೊನ್ನೆ ಬೀಗತಿ ಸೇಸಮ್ಮ ಬಂದವರು ಇವಳ ಕೆಮ್ಮು ಕೇಳಿ ಜೇನಿನಂಥ ಸ್ವರದಲ್ಲಿ, "ನಿಮಗೆ ಆಗದಿದ್ದರೆ ಹೇಳಿಬಿಡಿ ಅಕ್ಕ. ನಾವೇ ಅಲ್ಲಿ ಇಟ್ಟುಕೊಳ್ತೇವೆ. ಜನ ಏನಾದರೂ ಹೇಳ್ತಾರೆ, ಹೇಳಲಿ" ಎಂದರು. ಅವರು ಹೋದ ಮೇಲೆ ರಾಜೀವಿ ಊಟ ಮಾಡಲಿಲ್ಲ. "ನಾನು ಬದುಕಿರುವಾಗ ನನ್ನ ಮಗಳ ಬಾಣಂತನ ಬೇರೆಯವರಾ ಮಾಡುವುದು?" ಎಂದಷ್ಟೇ ಹೇಳಿದಳು. ಇವಳಿಗೆ ಉಸಿರಿಲ್ಲದಿದ್ದರೆ ಮತ್ತೆ ಯಾರು ಮಾಡುವುದು? ನಾನಾ?

ಧೂಳು ಬರುವುದು ಪಡುವಣದಿಂದ. ಮನೆಗೆ ಪಡುವಣದಲ್ಲಿರುವುದು ಅಡುಗೆಕೋಣೆಯ ಕಿಟಕಿ ಒಂದೇ. ಇವತ್ತು ಅದಕ್ಕೆ ಎರಡು ಪದರ ಗೋಣಿ ಹಾಕಿ ಮೊಳೆ ಹೊಡೆದೆ. ಇನ್ನು ಅರಬ್ಬಿಯ ಒಂದು ಕಣವೂ ಒಳಗೆ ಬರುವುದಿಲ್ಲ.

7 ಮಾರ್ಚ್, ಶನಿವಾರ

ದಮ್ಮು ಜಾಸ್ತಿಯಾಗಿದೆ. ಗೋಣಿ ಸಾಲದು. ಇನ್ನೊಂದು ಪದರ ಹಾಕಿದೆ.

12 ಮಾರ್ಚ್, ಗುರುವಾರ

ಮಿಜಾರಿಗೆ ಹೋಗಿ ಮಹಾಲಿಂಗೇಶ್ವರ ಜೋಯಿಸರನ್ನು ಕಂಡು ಬಂದೆ. ವಿಜ್ಞಾನವನ್ನು ಒಂದು ಕಡೆಯಿಂದ ಮಾತ್ರ ನೋಡಬಾರದು.

"ಜೋಯಿಸರೇ, ಉಪಗ್ರಹ ಅಂತ ಉಂಟಲ್ಲ, ಅದರಲ್ಲಿ ಹೊಗೆ ಕಾಣ್ತಾ ಉಂಟು. ಅದರಿಂದಲೇ ಇವಳಿಗೆ ದಮ್ಮು" ಎಂದೆ.

ಜೋಯಿಸರು ಕನ್ನಡಕದ ಮೇಲಿನಿಂದ ನೋಡಿದರು. "ನಿನಗೆ ಯಾರು ಹೇಳಿದ್ದು ಇದನ್ನು?"

"ನಮ್ಮ ಉಪ್ಪರಿಗೆಯ ಮಾಷ್ಟ್ರು."

"ಒಳ್ಳೇ ವಿದ್ವಾಂಸ ಇರಬೇಕು! ಈ ಕಾಲದಲ್ಲಿ ಉಪಗ್ರಹ ನೋಡಿ ಫಲ ಹೇಳುವವರೇ ಇಲ್ಲ. ಎಲ್ಲರಿಗೂ ಶನಿ ಒಬ್ಬ ಇದ್ದರೆ ಸಾಕು. ಧೂಮ ಅಂತಲೇ ಒಂದು ಉಪಗ್ರಹ ಉಂಟು ತುಕ್ರಪ್ಪ. ಧೂಮ ಅಂದರೆ ಹೊಗೆಯೇ. ಜಾತಕ ತಂದಿದ್ದೀಯಾ?"

ಅಮೆರಿಕದವರು ಈಗ ಹಾರಿಸಿದ್ದನ್ನು ನಮ್ಮವರು ಎಂದೋ ಹೆಸರಿಟ್ಟು ಕೂರಿಸಿದ್ದಾರೆ. ಜೋಯಿಸರು ಕವಡೆ ಸರಿಸಿ, ಲೆಕ್ಕ ಹಾಕಿ, "ನಾಲ್ಕನೇ ಮನೆಯಲ್ಲಿ ಕೂತಿದೆ ನೋಡು ಧೂಮ. ಎದೆಯ ಸ್ಥಾನ" ಎಂದರು.

ನಾಲ್ಕನೇ ಮನೆ! ನಮ್ಮ ಓಣಿಯಲ್ಲಿ ನಾಲ್ಕನೆಯದು ಮೊಯಿದಿನಬ್ಬನ ಮನೆ. ತಮ್ಮ ದುಬಾಯಿಯಲ್ಲಿ, ಧೂಳು ದುಬಾಯಿಯಿಂದ. ಎಲ್ಲ ಕೂಡಿ ಬಂತು ಎಂದು ನಾನು ಹೇಳಿದಾಗ ಜೋಯಿಸರು ಕವಡೆಗಳನ್ನು ಚೀಲಕ್ಕೆ ತುಂಬಿದರು. "ಅದು ಜಾತಕದ ಮನೆ. ಪಕ್ಕದ ಮನೆಯ ಬ್ಯಾರಿಯ ತಂಟೆಗೆ ಹೋಗಬೇಡ" ಎಂದರು.

ಪರಿಹಾರಕ್ಕೆ ಧೂಮಶಾಂತಿ ಹೋಮ. ಮುಂದಿನ ವಾರ ಕಳೆದು ಭಾನುವಾರ, ನಮ್ಮ ಮನೆಯಲ್ಲೇ.

ಮಾಷ್ಟ್ರಿಗೆ ಹೇಳಿದೆ. "ತುಕ್ರಪ್ಪಣ್ಣ, ಆ ಉಪಗ್ರಹವೇ ಬೇರೆ, ಈ ಉಪಗ್ರಹವೇ ಬೇರೆ" ಎಂದು ತಲೆ ಚಚ್ಚಿಕೊಂಡರು. ಹಾಗಾದರೆ ಒಂದೇ ಹೆಸರು ಯಾಕೆ ಇಟ್ಟಿರಿ ಎಂದು ಕೇಳಿದೆ. ಅವರು ಮೆಟ್ಟಿಲು ಹತ್ತಿ ಹೋದರು. ಕಲಿತವರ ಹತ್ತಿರ ಸುಲಭದ ಪ್ರಶ್ನೆಗೆ ಉತ್ತರ ಇರುವುದಿಲ್ಲ.

22 ಮಾರ್ಚ್, ಭಾನುವಾರ

ಹೋಮ ಇವತ್ತು. ಜೋಯಿಸರು ಬಂದಾಯಿತು. ಅಡುಗೆಕೋಣೆಯ ಪಕ್ಕದ ಚಾವಡಿಯಲ್ಲಿ ಕುಂಡ. ಕಟ್ಟಿಗೆ ನಮ್ಮ ಡಿಪೋದ್ದೇ.

23 ಮಾರ್ಚ್, ಸೋಮವಾರ

ರಾಜೀವಿ ಆಸ್ಪತ್ರೆಯಲ್ಲಿ. ಬರೆಯಲಿಕ್ಕೆ ಏನೂ ಇಲ್ಲ.

26 ಮಾರ್ಚ್, ಗುರುವಾರ

ಬರೆಯಬೇಕು. ಬರೆಯದೆ ಹೊಟ್ಟೆಯೊಳಗೆ ಇಟ್ಟುಕೊಂಡರೆ ನನ್ನನ್ನೂ ಅವಳ ಪಕ್ಕದ ಮಂಚಕ್ಕೆ ಸೇರಿಸಬೇಕಾದೀತು.

ಹೊಗೆಯ ಶಾಂತಿಗೆ ಹೊಗೆಯನ್ನೇ ಹಾಕುವುದು ಎಂಬುದು ನನಗೆ ಮೊದಲು ಹೊಳೆಯಲಿಲ್ಲ. ಜೋಯಿಸರಿಗೆ ಹೊಳೆದಿದ್ದರೂ ಹೇಳಲಿಲ್ಲ. ನಾನು ತಂದ ಕಟ್ಟಿಗೆ ಮಂತ್ರಕ್ಕೂ ಬಗ್ಗಲಿಲ್ಲ. ತುಪ್ಪ ಸುರಿದಷ್ಟೂ ಬುಸುಬುಸು ಎಂದು ಬಿಳಿ ಹೊಗೆ. ಪಡುವಣದ ಕಿಟಕಿಗೆ ಮೂರು ಪದರ ಗೋಣಿ, ಮೊಳೆ ಸಮೇತ. ಜೋಯಿಸರಿಗೇ ಸ್ವಾಹಾ ಎನ್ನುವಷ್ಟು ಉಸಿರಿರಲಿಲ್ಲ. "ಸ್ವಾ" ಎಂದು ಕೆಮ್ಮುತ್ತಿದ್ದರು, "ಹಾ" ದೇವರೇ ತುಂಬಿಸಿಕೊಳ್ಳಬೇಕಿತ್ತು. ಮಣೆಯ ಮೇಲೆ ಕೂತಿದ್ದ ರಾಜೀವಿ ಒಂದು ಕೈ ನೆಲಕ್ಕೆ ಊರಿದಳು, ಮತ್ತೊಂದು ಕೈ ನನ್ನ ಕಡೆ ಚಾಚಿದಳು. ತುಟಿ ನೀಲಿಯಾಗಿತ್ತು. ಮಾಷ್ಟ್ರು ಉಪ್ಪರಿಗೆಯಿಂದ ಮೂರು ಮೆಟ್ಟಿಲಿಗೊಮ್ಮೆ ಹಾರಿ ಬಂದರು. ಬೇಲಿ ದಾಟಿ ಬಂದ ಮೊಯಿದಿನಬ್ಬ ನನ್ನನ್ನು ಏನೂ ಕೇಳದೆ ಅವಳನ್ನು ಮಗುವಿನ ಹಾಗೆ ಎತ್ತಿ ಕಾರಿಗೆ ಹಾಕಿದರು. ನಾಲ್ಕನೇ ಮನೆಯವರು.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟು, ಇಂಜೆಕ್ಷನ್ ಚುಚ್ಚಿ, ಡಾಕ್ಟರಮ್ಮ ನನ್ನ ಕಡೆ ತಿರುಗಿದರು.

"ಮನೆಯಲ್ಲಿ ಧೂಳು, ಹೊಗೆ ಏನಾದರೂ ಉಂಟಾ?"

ನಾನು ಇದಕ್ಕೇ ಕಾದಿದ್ದೆ. ಅರಬ್ಬೀ ಮರುಭೂಮಿಯಿಂದ ಶುರುಮಾಡಿ ಸಮುದ್ರದ ಅರ್ಧಕ್ಕೆ ಬರುವಾಗ ಅವರು ಕೈ ಎತ್ತಿ ತಡೆದರು.

"ನಾನು ಅರಬ್ಬಿಯದ್ದು ಕೇಳಲಿಲ್ಲ. ಅಡುಗೆ ಯಾವುದರಲ್ಲಿ?"

"ಕಟ್ಟಿಗೆಯಲ್ಲಿ."

"ಎಂಥ ಕಟ್ಟಿಗೆ?"

ನಾನು ಬಾಯಿ ತೆರೆಯುವ ಮೊದಲು ಮಂಚದಿಂದ ಒಂದು ಶಬ್ದ ಬಂತು. ಅಷ್ಟು ಹೊತ್ತಿನಲ್ಲಿ ರಾಜೀವಿ ಆಡಿದ ಮೊದಲ ಮಾತು.

"ಹಸಿ."

"ಹಸಿವಾ? ಪಾಪ, ಬೆಳಗ್ಗಿನಿಂದ ಏನೂ ತಿಂದಿಲ್ಲ ಕಾಣ್ತದೆ" ಎಂದು ನರ್ಸು ಗಂಜಿ ತರಲು ಓಡಿದಳು. ಡಾಕ್ಟರಮ್ಮ ನಾಡಿ ಹಿಡಿದು ಗಡಿಯಾರ ನೋಡುತ್ತಿದ್ದರು. ಇಡೀ ಆಸ್ಪತ್ರೆಯಲ್ಲಿ ಆ ಶಬ್ದ ಅರ್ಥವಾದದ್ದು ಒಬ್ಬನಿಗೆ. ಅದನ್ನು ಇಪ್ಪತ್ತು ವರ್ಷ ಬರೆದು ಸಂಬಳ ತೆಗೆದುಕೊಂಡವನಿಗೆ.

ಗಂಜಿ ಬಂತು. ಅವಳು ಕುಡಿಯಲಿಲ್ಲ. ನಾನು ಕುಡಿದೆ.

2 ಏಪ್ರಿಲ್, ಗುರುವಾರ

ರಾಜೀವಿ ಮನೆಗೆ ಬಂದಳು. ಹೊಗೆಯ ಹತ್ತಿರ ಸುಳಿಯಬಾರದೆಂದು ಡಾಕ್ಟರಮ್ಮನ ಕಟ್ಟಪ್ಪಣೆ. ಡಾಕ್ಟರಮ್ಮನಿಗೆ ಉಪಗ್ರಹದ ವಿಷಯ ಗೊತ್ತಿಲ್ಲ. ಆದರೂ ಕಲಿತವರ ಮಾತು ಮೀರುವುದು ಯಾಕೆ?

ಒಲೆಯನ್ನು ಅಂಗಳಕ್ಕೆ ಸಾಗಿಸಿದೆ. ಧೂಳು ಪಡುವಣದಿಂದ ಬರುವುದರಿಂದ ಒಲೆ ಮೂಡಣದಲ್ಲಿದ್ದರೆ ಒಳ್ಳೆಯದು ಎಂಬ ಲೆಕ್ಕದಲ್ಲಿ ಮಾತ್ರ. ಬಚ್ಚಲಿನ ಹಂಡೆಯನ್ನೂ ಅಲ್ಲೇ ಕೂರಿಸಿದೆ. ನಾಲ್ಕು ಕಂಬ ನೆಟ್ಟು ತೆಂಗಿನ ಮಡಲು ಹೊದೆಸಿದೆ. ಗೋಣಿಯನ್ನು ಕಿತ್ತೆ. ಅದರ ಒಳಮೈ ಕಪ್ಪಗೆ ಮೆತ್ತಿಕೊಂಡಿತ್ತು. ಹೊರಮೈ ಸ್ವಚ್ಛ. ಅರಬ್ಬೀ ಧೂಳು ಭಾರೀ ಹುಷಾರಿನದ್ದು, ಹೊರಮೈ ಮುಟ್ಟದೆ ಒಳಗೆ ಹೋಗಿದೆ.

ಡಿಪೋದಿಂದ ಒಣ ಕಟ್ಟಿಗೆ ಕಟ್ಟಿಸುವಾಗ ಧಣಿಗಳು, "ಏನು ರೈಟರೇ, ಒಣದ್ದು? ನಿಮ್ಮ ಮನೆಗಾ? ದೊಡ್ಡ ಜನ ಆದಿರಿ!" ಎಂದರು. ನಕ್ಕಂತೆ ಮಾಡಿದೆ.

ಗಂಜಿ ನಾನೇ ಬೇಯಿಸಿದೆ. ಮೊದಲ ಸಲ ನೀರು ಹೆಚ್ಚು, ಎರಡನೇ ಸಲ ಅಕ್ಕಿ ಹೆಚ್ಚು, ಮೂರನೇ ಸಲ ಉಪ್ಪು ಮರೆತೆ. ರಾಜೀವಿ ಜಗಲಿಯಲ್ಲಿ ಕೂತು ಮಾರ್ಕು ಹಾಕುವ ಮಾಷ್ಟ್ರ ಹಾಗೆ ನೋಡುತ್ತಿದ್ದಳು.

"ಊದಬೇಡಿ. ಕಟ್ಟಿಗೆಯ ಸಂದಿನಲ್ಲಿ ಗಾಳಿ ಆಡಲಿಕ್ಕೆ ಜಾಗ ಬಿಡಿ."

"ಇಷ್ಟೆಲ್ಲ ಗೊತ್ತಿದ್ದು ನೀನು ಯಾಕೆ ಊದಿ ಊದಿ ಸಾಯುತ್ತಿದ್ದೆ?"

"ನನಗೆ ಇಂಥ ಕಟ್ಟಿಗೆ ಯಾರು ತಂದು ಕೊಟ್ಟಿದ್ದರು?" ಎಂದಳು.

ಡೈರಿಯಲ್ಲಿ ಇದಕ್ಕೆ ಉತ್ತರ ಬರೆಯುವ ಅಗತ್ಯ ಕಾಣುವುದಿಲ್ಲ.

15 ಏಪ್ರಿಲ್, ಬುಧವಾರ, ಬಿಸು ಹಬ್ಬ

ಹೊಸ ವರ್ಷ. ಬೆಳಗ್ಗೆ ಎದ್ದ ಕೂಡಲೇ ಹಣ್ಣು, ಕನ್ನಡಿ ಇಟ್ಟ ಕಣಿ ನೋಡಿದ್ದಾಯಿತು. ಪಾಯಸ ನಾನೇ ಮಾಡಿದೆ. ಮಾಷ್ಟ್ರು ತಿಂದು, "ವಿಶಿಷ್ಟವಾಗಿದೆ" ಎಂದರು. ತಳ ಹಿಡಿದಿತ್ತು.

ರಾಜೀವಿಗೆ ಗುಣ ಕಾಣುತ್ತಿದೆ. ನಿನ್ನೆ ಮೆಟ್ಟಿಲಿನ ಹತ್ತಿರ ನಿಂತು ನನ್ನನ್ನು ಒಂದೇ ಉಸಿರಿಗೆ ಬೈದಳು. ನಡುವೆ ಒಮ್ಮೆಯೂ ನಿಲ್ಲಿಸಲಿಲ್ಲ. ಇದಕ್ಕೆ ಕಾರಣ ಗಾಳಿ ತಿರುಗಿದ್ದು. ನಾನು ಊಹೆ ಹೇಳುತ್ತಿಲ್ಲ, ಮಾಷ್ಟ್ರ ಫೋಟೋದಲ್ಲಿ ಸಾಕ್ಷಿ ಉಂಟು: ಈ ತಿಂಗಳು ಸಮುದ್ರದ ಮೇಲೆ ಒಂದು ದಿನವೂ ಮಸುಕಿಲ್ಲ. ಅಡುಗೆ ಮಾಡುವುದು ನನ್ನ ಕೆಲಸವಲ್ಲವಾದರೂ ಗಾಳಿ ಪೂರ್ತಿ ಸರಿಯಾಗುವ ತನಕ ಮಾಡುತ್ತೇನೆ.

ಮಾಷ್ಟ್ರಿಗೆ ಮಾತ್ರ ಸೂತಕದ ಮುಖ. ಲೇಖನಕ್ಕೆ ಇನ್ನೂ ಎರಡು ಧೂಳು ಬೇಕಿತ್ತಂತೆ.

19 ಏಪ್ರಿಲ್, ಭಾನುವಾರ

ರಾಜೀವಿ ಇವತ್ತು ಮೊದಲ ಸಲ ಉಪ್ಪರಿಗೆ ಹತ್ತಿದಳು. ಅರ್ಧದಲ್ಲಿ ಕೂರಲಿಲ್ಲ. ಮಾಷ್ಟ್ರು ಫೆಬ್ರವರಿ, ಮಾರ್ಚಿನ ಫೋಟೋಗಳನ್ನು ಸಾಲಾಗಿ ಹರಡಿ ತಲೆಗೆ ಕೈ ಹೊತ್ತು ಕೂತಿದ್ದರು.

"ಅಕ್ಕಾ, ಇಷ್ಟು ಧೂಳು ಇತ್ತು. ಹೋಮದ ಮರುದಿನದಿಂದ ಬಟ್ಟಬಯಲು. ಒಂದೇ ದಿನದಲ್ಲಿ ಮರುಭೂಮಿ ಹೇಗೆ ನಿಲ್ತದೆ?"

ರಾಜೀವಿ ಒಂದು ಫೋಟೋ ಎತ್ತಿ ಮೂಸಿದಳು. ಮತ್ತೊಂದು ಮೂಸಿದಳು. "ಇದು ಭತ್ತ ಬೇಯಿಸಿದ ದಿನದ್ದು."

"ಏನು?"

"ಇದು ಒಣ ಬಂಗುಡೆ ಸುಟ್ಟ ದಿನದ್ದು."

ಮೀನು ಮುಟ್ಟದ ಮಾಷ್ಟ್ರು ಫೋಟೋದಿಂದ ಒಂದು ಮೊಳ ಹಿಂದೆ ಸರಿದರು. ರಾಜೀವಿ ಬಗ್ಗಿ ಮೇಜಿನ ಕೆಳಗಿನ ಹಲಗೆಯ ಸಂದಿಗೆ ಬೆರಳು ತೂರಿಸಿ, ಎತ್ತಿ ತೋರಿಸಿದಳು. ಬೆರಳು ಕಾಡಿಗೆಯ ಹಾಗೆ ಕಪ್ಪು. ಸಂದು ಇದ್ದದ್ದು ಉರುಳೆಯ ಎಡ ತುದಿಯ ನೇರ ಕೆಳಗೆ. ಕೆಳಗೆ ನಮ್ಮ ಒಲೆ ಇದ್ದ ಜಾಗ.

ಮಾಷ್ಟ್ರು ಬೆರಳು ನೋಡಿದರು, ಸಂದು ನೋಡಿದರು, ಫೋಟೋದ ಎಡ ಅಂಚು ನೋಡಿದರು. "ಒದ್ದೆ ಕಾಗದ... ಹೊಗೆ ಹಿಡಿದುಕೊಂಡಿದೆ..." ಎಂದು ಪಿಸುಗುಟ್ಟಿದರು. "ಹಾಗಾದರೆ ಇದು ಅರೇಬಿಯ ಅಲ್ಲ?"

"ಅರೇಬಿಯ ಎಲ್ಲಿಂದ ಬಂತು? ನಿಮ್ಮ ತಿಂಡಿಯ ಹೊತ್ತಿಗೆ ನಾನು ಕೆಳಗೆ ಉರಿಸಿದ್ದು" ಎಂದು ರಾಜೀವಿ ನಗಲು ಶುರುಮಾಡಿದಳು. ನಕ್ಕಳು, ನಕ್ಕಳು, ಹೊಟ್ಟೆ ಹಿಡಿದು ನೆಲದಲ್ಲಿ ಕೂತು ನಕ್ಕಳು. ನಗು ಈಗ ಕೆಮ್ಮಾಗುತ್ತದೆ, ಈಗ ದಮ್ಮಾಗುತ್ತದೆ ಎಂದು ನಾನು ನೀರಿನ ಚೊಂಬು ಹಿಡಿದು ಕಾಯುತ್ತಾ ನಿಂತೆ. ಆಗಲಿಲ್ಲ. ನೀರನ್ನು ಮಾಷ್ಟ್ರು ಕುಡಿದರು.

ಒಂದೂವರೆ ತಿಂಗಳು ಇಬ್ಬರು ಗಂಡಸರು ಮೇಲೆ ಕೂತು ಅಡುಗೆಕೋಣೆಯ ಹೊಗೆಯನ್ನು ಆಕಾಶದಲ್ಲಿ ಹುಡುಕಿದೆವು. ಮಾಷ್ಟ್ರಿಗಾದರೂ ಎಂ.ಎಸ್ಸಿ. ಆಗಿದೆ. ನನ್ನದು ಏಳರ ಅರ್ಧ, ಆದ್ದರಿಂದ ತಪ್ಪಿನಲ್ಲಿ ನನ್ನ ಪಾಲು ಕಡಿಮೆ ಎಂದು ಹಿಡಿಯಬೇಕು.

11 ಮೇ, ಸೋಮವಾರ

ಪರಮೇಶ್ವರಿಗೆ ಹೆಣ್ಣು ಮಗು. ಇಬ್ಬರೂ ಕ್ಷೇಮ. ಆಸ್ಪತ್ರೆಯಿಂದ ಮನೆಗೆ ಬಂದರು.

ಬಾಣಂತಿಯ ಸ್ನಾನಕ್ಕೆ ಎಷ್ಟು ನೀರು ಬೇಕೆಂದು ಮದುವೆಯಾದ ಗಂಡಸರಿಗೆ ಯಾರಾದರೂ ಮೊದಲೇ ಹೇಳಬೇಕು. ಮೈಗೆ ಎಣ್ಣೆ ತಿಕ್ಕುವುದು, ಹೊಟ್ಟೆ ಕಟ್ಟುವುದು, ಮಗುವನ್ನು ಕಾಲ ಮೇಲೆ ಹಾಕಿ ಮೀಯಿಸುವುದು ಎಲ್ಲ ರಾಜೀವಿ. ಹಂಡೆಯ ಬೆಂಕಿ ನಾನು.

ಬೆಳ್ತಂಗಡಿಯಿಂದ ಸೇಸಮ್ಮ ಮೊಮ್ಮಗಳನ್ನು ನೋಡಲು ಬಂದವರು ಅಂಗಳದಲ್ಲಿ ನನ್ನನ್ನು ಕಂಡು ಗಲ್ಲಕ್ಕೆ ಕೈಯಿಟ್ಟರು. "ಅಯ್ಯೋ ದೇವರೇ! ಗಂಡಸರು ಬಾಣಂತಿಯ ನೀರು ಕಾಯಿಸುವುದಾ?"

"ಡಿಪೋದಲ್ಲಿ ಕಟ್ಟಿಗೆ ನೋಡಿ ನೋಡಿ ಅಭ್ಯಾಸ, ಬೀಗತಿ. ಉರಿಯುವುದು ನೋಡಿರಲಿಲ್ಲ" ಎಂದೆ.

ಒಳಗೆ ಮಗುವಿಗೆ ಹಾಡುವ ಸ್ವರ ಕೇಳಿತು. ರಾಜೀವಿಯದ್ದು. ನಡುವೆ ಎಲ್ಲೂ ಕಡಿಯಲಿಲ್ಲ. ಸೇಸಮ್ಮ ಸ್ವಲ್ಪ ಹೊತ್ತು ಕಿವಿಗೊಟ್ಟು, ತಂದಿದ್ದ ಬೆಲ್ಲದ ಕಟ್ಟನ್ನು ಜಗಲಿಯಲ್ಲಿಟ್ಟು, ನಾವೇ ಇಟ್ಟುಕೊಳ್ತೇವೆ ಎಂಬ ಮಾತು ಎತ್ತದೆ ಹೋದರು.

5 ಜೂನ್, ಶುಕ್ರವಾರ

ಬೆಳಗ್ಗೆ ಟಿಕ್ಕಿ ಟಿಕ್ಕಿ ನಿಂತ ಕೂಡಲೇ ಮಾಷ್ಟ್ರು ಉಪ್ಪರಿಗೆಯ ಕಿಟಕಿಯಿಂದ ಕೂಗಿದರು. ಅವರೀಗ ಹಲಗೆಯ ಸಂದುಗಳಿಗೆ ಮೇಣ ತುಂಬಿಸಿದ್ದಾರೆ.

"ತುಕ್ರಪ್ಪಣ್ಣ! ಬನ್ನಿ, ಬೇಗ! ಈ ಸಲ ನಿಜವಾದ ಧೂಳು! ಅರೇಬಿಯದಿಂದಲೇ! ಎಂಥ ದೊಡ್ಡದು!"

"ಬರ್ತೇನೆ ಮಾಷ್ಟ್ರೇ, ನೀರು ಕಾಯ್ತಾ ಉಂಟು" ಎಂದೆ. ಆಮೇಲೆ ಮರೆತೇ ಹೋಯಿತು.

ಮಧ್ಯಾಹ್ನ ಊಟವಾಗಿ ನಾನು ಪಾತ್ರೆ ತೊಳೆದು ಒಳಗೆ ಬಂದಾಗ ಮನೆಯಲ್ಲಿ ಸದ್ದೇ ಇಲ್ಲ. ರಾಜೀವಿ ನೆಲದ ಮೇಲೆ ಚಾಪೆಯಲ್ಲಿ ಮಲಗಿದ್ದಳು. ಮಲಗಿದ್ದಳು ಎಂದರೆ ಅಂಗಾತ, ತಲೆದಿಂಬಿಲ್ಲದೆ. ಎಷ್ಟೋ ವರ್ಷದಿಂದ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುವವಳು. ಪಕ್ಕದಲ್ಲಿ ಮಗು. ಸುಯ್ಯೆನ್ನುವ ಶಬ್ದವಿಲ್ಲ, ಕೆಮ್ಮಿಲ್ಲ, ಏನೂ ಇಲ್ಲ. ಮಂಡಿಯೂರಿ ಕೂತು ಅವಳ ಮೂಗಿನ ಹತ್ತಿರ ಬೆರಳು ಹಿಡಿದೆ.

"ಉಸಿರು ಉಂಟು" ಎಂದಳು, ಕಣ್ಣು ಬಿಡದೆ. "ಬೆರಳಿನಲ್ಲಿ ಮಸಿ ಉಂಟು. ಮಗುವಿಗೆ ತಾಗಿಸಬೇಡಿ, ಹೋಗಿ."

ಈ ದಿನದ ಹೆದರಿಕೆ: ಪಡುವಣದಲ್ಲಿ ಮೋಡ ಕಟ್ಟಿದೆ. ಅಂಗಳದ ಒಣ ಕಟ್ಟಿಗೆ ಒಳಗೆ ತರಬೇಕು.